ಎಂಜಿನ್ನಿಗೆ ಇಟ್ಟ ಪಂಚಕಜ್ಜಾಯ

ನನ್ನ ದಿನಚರಿಯಲ್ಲಿ ಪ್ರತಿ ತಿಂಗಳ ಕೊನೆಯ ಪುಟಕ್ಕೆ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಮನೆ, ಬಲಕ್ಕೆ ಕಾರು. ಆ ತಿಂಗಳು ಏನೇನು ಕೆಟ್ಟಿತು, ಯಾವ ವಾರ ಕೆಟ್ಟಿತು, ಯಾವ ವಾರ ಸರಿಯಾಯಿತು ಎಂದು ಬರೆಯುವ ಜಾಗ ಅದು. ಕೆಲಸಕ್ಕೆ ಸೇರಿದ ವರ್ಷ ಶುರುವಾದ ಅಭ್ಯಾಸ. ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ, ಬರೆದ ಮೇಲೆ ಮನಸ್ಸು ಹಗುರಾಗುತ್ತದೆ, ಅಷ್ಟೇ.

ಸಾಮಾನ್ಯವಾಗಿ ಎಡಗಡೆಯೇ ತುಂಬುವುದು. ಅಣ್ಣಾ ನಗರದ ನಮ್ಮ ಮನೆ ಹಳೆಯ ಮೂರು ಮಹಡಿಯ ಕಟ್ಟಡದ ಮೊದಲನೆಯ ಮಹಡಿಯಲ್ಲಿದೆ. ನೀರಿನ ಮೋಟಾರು ಗಾಳಿ ಹಿಡಿಯುತ್ತದೆ, ಬಚ್ಚಲಮನೆಯ ಚಿಲಕ ಒಳಗಿನಿಂದ ಸಿಕ್ಕಿಕೊಳ್ಳುತ್ತದೆ, ಇನ್ವರ್ಟರ್ ಕಾರಣವಿಲ್ಲದೆ ಕೂಗುತ್ತದೆ. ಇವೆಲ್ಲವನ್ನೂ ನೋಡಿಕೊಳ್ಳುವವಳು ಅಮ್ಮ. ಅವಳಿಗೆ ಒಂದೇ ಒಂದು ಕ್ರಮ ಗೊತ್ತು. ಮೊದಲು ಸ್ವಿಚ್ಚು ತೆಗೆಯುವುದು, ಆಮೇಲೆ ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿಯುವುದು, ಬಂದು ಮತ್ತೆ ಸ್ವಿಚ್ಚು ಹಾಕುವುದು. ನಾನು ಲೆಕ್ಕ ಇಟ್ಟ ಪ್ರಕಾರ ಅರ್ಧಕ್ಕರ್ಧ ತೊಂದರೆಗಳು ಇಷ್ಟರಲ್ಲೇ ಸರಿಯಾಗುತ್ತವೆ. ನೀರು ಕುಡಿಯುವುದು ಯಾಕೆ ಎಂದು ಒಮ್ಮೆ ಕೇಳಿದ್ದೆ. "ಮಿಷನ್ನಿಗೂ ಸ್ವಲ್ಪ ಹೊತ್ತು ಬೇಕಲ್ದಾ, ಸುಧಾರಿಸಿಕೊಳ್ಳಿಕ್ಕೆ" ಎಂದಿದ್ದಳು.

ಬಲಗಡೆಯ ಕಾರು ಅಪ್ಪನದು. ಅಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು ಎಗ್ಮೋರಿನ ಒಂದು ಸಸ್ಯಾಹಾರಿ ಹೋಟೆಲಿನ ಅಡಿಗೆಮನೆ ಸೇರಿದವರು. ಕೊನೆಗೆ ಅಲ್ಲಿಯ ಮುಖ್ಯ ಅಡಿಗೆಯವರಾದರು. ಮೊಣಕಾಲು ನೋವು ಜಾಸ್ತಿಯಾಗಿ ಕೆಲಸ ಬಿಟ್ಟ ಮೇಲೆ ಹಳೆಯ ಕಾರೊಂದನ್ನು ಕೊಂಡರು. ಇಷ್ಟು ವರ್ಷ ಒಲೆಯ ಮುಂದೆ ನಿಂತೇ ಇದ್ದವರಿಗೆ ಕೂತು ಮಾಡುವ ಕೆಲಸವೊಂದು ಬೇಕಿತ್ತಂತೆ. ಕಾರನ್ನು ಒರೆಸುತ್ತಾರೆ, ಹೆಚ್ಚೆಂದರೆ ದೇವಸ್ಥಾನಕ್ಕೂ ತರಕಾರಿ ಮಾರುಕಟ್ಟೆಗೂ ಓಡಿಸುತ್ತಾರೆ, ಹಾರ್ನ್ ಮಾತ್ರ ಹೊಡೆಯುವುದಿಲ್ಲ. "ಹೋಟೆಲಿನಲ್ಲಿ ಕೂಗಿ ಕೂಗಿ ಸಾಕಾಗಿದೆ ನಂಗೆ" ಎನ್ನುತ್ತಾರೆ.

ಇಷ್ಟು ಹೇಳಿದ ಮೇಲೆ ಆ ಭಾನುವಾರದ ವಿಷಯಕ್ಕೆ ಬರಬಹುದು.

ಪೋರೂರಿನಲ್ಲಿ ಒಂದು ಕನ್ನಡದ ಮನೆ ಇದೆ. ಮನೆಯ ಯಜಮಾನಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ. ನವರಾತ್ರಿಯ ಮೊದಲ ದಿನಗಳಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಅಮ್ಮ ಮಾಡಿಕೊಂಡು ಹೋಗಿದ್ದ ಸಿಹಿಗುಂಬಳದ ಹುಳಿ ತಿಂದು, ನೇರವಾಗಿ ಕೇಳಿಬಿಟ್ಟರು: ಮೊಮ್ಮಗುವಿನ ನಾಮಕರಣ ಇದೆ, ನಲವತ್ತು ಎಲೆ ಆಗಬಹುದು, ನೀವು ಮಾಡಿಕೊಡ್ತೀರಾ?

ಅಮ್ಮ ಅಲ್ಲೇ ಒಪ್ಪಿಕೊಂಡು ಮನೆಗೆ ಬಂದು ಆಮೇಲೆ ಹೆದರಿದಳು. ಹೆದರಿಕೆ ಅಪ್ಪನದಲ್ಲ, ಅಪ್ಪ ಏನು ಹೇಳುತ್ತಾರೋ ಎಂಬುದರದ್ದು. ನಮ್ಮ ಮನೆಯಲ್ಲಿ ದಿನದ ಅಡಿಗೆ ಅಮ್ಮನದೇ. ಆದರೆ 'ಅಡಿಗೆಯವರು' ಎಂದರೆ ಅಪ್ಪ. ನೆಂಟರ ಮದುವೆ, ಉಪನಯನ ಏನಿದ್ದರೂ ಫೋನು ಬರುವುದು ಅಪ್ಪನಿಗೆ. ಅಮ್ಮ ಜೊತೆಗೆ ಹೋದರೆ ಅವಳ ಪಾಲಿಗೆ ಸಿಗುವುದು ಕಾಯಿ ತುರಿಯುವ ಕೆಲಸ.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ವಿಷಯ ಹೇಳಿದಳು. ಅಪ್ಪ ಕಲಸಿದ ಅನ್ನವನ್ನು ಹಾಗೇ ಬಿಟ್ಟು ತಲೆ ಎತ್ತಿದರು.

"ನಾಲ್ಕು ಜನರಿಗೆ ಮಾಡಿದ ಹಾಗಲ್ಲ ನಲವತ್ತು ಜನರಿಗೆ. ಹತ್ತು ಪಟ್ಟು ಖಾರ ಹಾಕಿದ್ರೆ ಯಾರೂ ತಿನ್ಲಿಕ್ಕೆ ಆಗುದಿಲ್ಲ. ಅದರ ಅಳತೆಯೇ ಬೇರೆ. ನಾನು ನಿಂತುಕೊಳ್ತೇನೆ, ನೀನು ಜೊತೆಗೆ ಇರು."

"ನೀವು ನಿಂತ್ರೆ ಅದು ನಿಮ್ಮ ಅಡಿಗೆ ಆಗ್ತದೆ" ಎಂದಳು ಅಮ್ಮ. "ಅವರು ಕೇಳಿದ್ದು ನನ್ನನ್ನು."

"ಸರಿ. ನಾನು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತ್ಕೊಳ್ತೇನೆ."

"ನಿಮ್ಮ ಬಾಯಿ ಮುಚ್ಚಿದ್ರೂ ಕಣ್ಣು ಮಾತಾಡ್ತದೆ ಮಾರಾಯ್ರೇ. ಅಡಿಗೆಮನೆಗೇ ಬರ್ಬೇಡಿ. ಸೌಟು ಮುಟ್ಲಿಕ್ಕಿಲ್ಲ, ಪಾತ್ರೆಗೆ ಕೈ ಹಾಕ್ಲಿಕ್ಕಿಲ್ಲ. ಕಾರು ಬಿಟ್ಟು ಅಲ್ಲಿಗೆ ಮುಟ್ಟಿಸಿ, ಅಷ್ಟು ಸಾಕು." ಸ್ವಲ್ಪ ತಡೆದು ಇನ್ನೂ ಒಂದು ಮಾತು ಸೇರಿಸಿದಳು. "ಇದು ಹಾಳಾದ್ರೆ ಇನ್ನು ಇದರ ಮಾತೇ ಎತ್ತುದಿಲ್ಲ ನಾನು. ಸರಿ ಆದ್ರೆ ಮಾತ್ರ ನೀವು ಯಾರೂ ಬೇಡ ಅನ್ಬಾರದು."

ಅವಳ ದನಿ ಎಂದಿನಂತೆಯೇ ಇತ್ತು. ಆದರೆ ಸಾರಿನ ಸೌಟು ಹಿಡಿದ ಕೈ ನನ್ನ ತಟ್ಟೆಯ ಮೇಲೆ ಅಲ್ಲಾಡದೆ ನಿಂತುಬಿಟ್ಟಿತ್ತು. ಅಪ್ಪ "ಆಯ್ತು" ಎಂದರು. ಆ ಮಾತಿಗೆ ನಾನೊಬ್ಬಳೇ ಸಾಕ್ಷಿ.

ಮಧ್ಯದಲ್ಲಿ ಆಯುಧ ಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಪೂಜೆ ಅಪ್ಪನದು. ಮಿಕ್ಸಿ, ಗ್ರೈಂಡರ್, ಈಳಿಗೆಮಣೆ, ನನ್ನ ಲ್ಯಾಪ್‌ಟಾಪ್, ನೀರಿನ ಮೋಟಾರು ಎಲ್ಲಕ್ಕೂ ಕುಂಕುಮ, ಹೂವು. ನೈವೇದ್ಯಕ್ಕೆ ಕಡಲೆ, ಬೆಲ್ಲ, ಕಾಯಿತುರಿ, ಎಳ್ಳು, ತುಪ್ಪ ಸೇರಿಸಿ ಕಲಸಿದ ಪಂಚಕಜ್ಜಾಯ. ಹೋಟೆಲಿನಲ್ಲಿದ್ದಾಗ ಅಪ್ಪ ಆ ದಿನ ರುಬ್ಬುವ ಕಲ್ಲಿಗೆ ಒಂದು ಹಿಡಿ ಇಡುತ್ತಿದ್ದರಂತೆ, ದೊಡ್ಡ ಒಲೆಯ ಬಾಯಿಗೆ ಒಂದು ಹಿಡಿ ಹಾಕುತ್ತಿದ್ದರಂತೆ. ಒಲೆಗೆ ಹಾಕಿದ್ದನ್ನು ತೆಗೆಯುವುದಿಲ್ಲ, ಅದು ಬೆಂಕಿಯ ಪಾಲು. ಈಗ ಒಲೆಯ ಜಾಗದಲ್ಲಿ ಕಾರು ಇತ್ತು. ಗಾಜಿಗೆ ಗಂಧ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬಾನೆಟ್ ಎತ್ತಿ ಒಳಗೇನೋ ಮಾಡುತ್ತಿದ್ದುದನ್ನು ನಾನು ಮೇಲಿನ ಬಾಲ್ಕನಿಯಿಂದ ನೋಡಿದ್ದೆ. ಕುಂಕುಮ ಹಚ್ಚುತ್ತಿದ್ದಾರೆ ಅಂದುಕೊಂಡೆ. ಮರುದಿನ ವಿಜಯದಶಮಿಗೆ ಅಪ್ಪ ಕಾರನ್ನು ಹತ್ತಿರದ ರಸ್ತೆಗಳಲ್ಲಿ ಒಂದು ಸುತ್ತು ಹೊಡೆಸಿ ತಂದು ಕೆಳಗಿನ ಕಂಬಗಳ ನಡುವೆ ನಿಲ್ಲಿಸಿದರು. ಆಮೇಲೆ ನಾಮಕರಣದ ಭಾನುವಾರದವರೆಗೆ ಅದನ್ನು ಯಾರೂ ತೆಗೆಯಲಿಲ್ಲ.

ಭಾನುವಾರ ಅಮ್ಮ ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ ಒಲೆ ಹಚ್ಚಿದ್ದಳು. ನಾನು ಅವಳ ಸಹಾಯಕಿ. ಕಾಯಿ ತುರಿಯುವ ಕೆಲಸ ಈ ಸಲ ನನ್ನದು. ಅನ್ನ ಅವರ ಮನೆಯಲ್ಲೇ ಮಾಡುವುದೆಂದು ಮಾತಾಗಿತ್ತು. ಉಳಿದದ್ದೆಲ್ಲ ನಮ್ಮಲ್ಲಿ: ಕೋಸಂಬರಿ, ಬೀನ್ಸ್ ಪಲ್ಯ, ಚಿತ್ರಾನ್ನದ ಗೊಜ್ಜು, ಸಾರು, ಸಿಹಿಗುಂಬಳದ ಹುಳಿ, ಕಡಲೆಬೇಳೆ ಪಾಯಸ.

ದಿನಚರಿಯ ಎಡಗಡೆಗೆ ಸೇರುವ ಅವಘಡಗಳು ಬೇಗನೇ ಶುರುವಾದವು. ಮಸಾಲೆ ರುಬ್ಬುವ ಹೊತ್ತಿಗೆ ಸರಿಯಾಗಿ ಮಿಕ್ಸಿ ನಿಂತಿತು. ಅಮ್ಮ ಸ್ವಿಚ್ಚು ತೆಗೆದು, ನೀರು ಕುಡಿದು, ಮಿಕ್ಸಿಯನ್ನು ಮಗುಚಿ ತಳದ ಕೆಂಪು ಗುಂಡಿ ಒತ್ತಿ ಮತ್ತೆ ಹಾಕಿದಳು. ತಿರುಗಿತು. ಬೇಳೆ ಬೇಯುವಾಗ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರಿನ ಮುಚ್ಚಳದ ದಾರ ಕಿತ್ತುಬಂತು, ಮುಚ್ಚಳ ಬರಲಿಲ್ಲ. ಅದನ್ನು ಸೌಟಿನ ಹಿಡಿಯಿಂದ ಮೀಟಿ ತೆಗೆದಳು. ಅಪ್ಪ ಅಡಿಗೆಮನೆಯ ಹೊಸಿಲಿನ ಆಚೆಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಪುಟ ತಿರುಗಿಸಿದ್ದನ್ನು ನಾನು ನೋಡಲಿಲ್ಲ. ಒಗ್ಗರಣೆ ಸಿಡಿದಾಗಲೆಲ್ಲ ಅವರ ಮೂಗು ಪೇಪರಿನ ಅಂಚಿನಿಂದ ಸ್ವಲ್ಪ ಮೇಲೆ ಬರುತ್ತಿತ್ತು.

"ಹೋಯ್, ಪೇಪರು ತಲೆಕೆಳಗಾಗಿ ಹಿಡಿದಿದ್ದೀರಿ ಕಾಣಿ" ಎಂದಳು ಅಮ್ಮ ಒಳಗಿನಿಂದ. ಅಪ್ಪ ಗಾಬರಿಯಿಂದ ನೋಡಿಕೊಂಡರು. ಪೇಪರು ಸರಿಯಾಗಿಯೇ ಇತ್ತು. ನಾವಿಬ್ಬರೂ ನಕ್ಕೆವು.

ಎಲ್ಲ ಹೆಚ್ಚುಕಡಿಮೆ ಮುಗಿದಿತ್ತು. ಹುಳಿಗೆ ಮಸಾಲೆ ಬಿದ್ದು ಕುದಿಯತೊಡಗಿತ್ತು. ಅಮ್ಮ ಕೀಲಿಕೈ ಕೊಟ್ಟು ನನ್ನನ್ನು ಕೆಳಗೆ ಕಳಿಸಿದಳು. ಕಾರನ್ನು ಮೆಟ್ಟಿಲಿನ ಹತ್ತಿರ ತಂದು ನಿಲ್ಲಿಸಿದರೆ ಪಾತ್ರೆ ಇಳಿಸುವುದು ಸುಲಭ. ಕೂತೆ, ಕೀಲಿ ತಿರುಗಿಸಿದೆ. ಎಲ್ಲ ದೀಪಗಳೂ ಒಟ್ಟಿಗೆ ಹತ್ತಿಕೊಂಡವು. ಒಂದು ಸಣ್ಣ ಟಿಕ್ ಎಂಬ ಶಬ್ದ. ಆಮೇಲೆ ಏನೂ ಇಲ್ಲ. ಅಮ್ಮನ ಕ್ರಮ ನೆನಪಾಯಿತು. ಕೀಲಿ ತೆಗೆದೆ, ನೀರಿನ ಬಾಟಲಿ ಇಲ್ಲದ್ದರಿಂದ ಉಗುಳು ನುಂಗಿಕೊಂಡೆ, ಮತ್ತೆ ತಿರುಗಿಸಿದೆ. ಈ ಸಲ ಟಿಕ್ ಕೂಡ ಇಲ್ಲ.

"ಅಮ್ಮಾ, ಕಾರು ಸ್ಟಾರ್ಟ್ ಆಗ್ತಿಲ್ಲ!" ಎಂದು ಕೆಳಗಿನಿಂದಲೇ ಕೂಗಿದೆ. ಹಾಗೆ ಕೂಗಬಾರದಿತ್ತು ಎಂದು ಆಮೇಲೆ ಅನಿಸಿತು. ಇಬ್ಬರೂ ಇಳಿದು ಬಂದರು. ಅಪ್ಪ ಮೊಣಕಾಲು ಹಿಡಿದುಕೊಂಡು, ಅಮ್ಮ ಕೈಯಲ್ಲಿದ್ದ ಸೌಟಿನ ಸಮೇತ.

ಅಪ್ಪ ಬಾನೆಟ್ ಎತ್ತಿದರು. ನಾನು ಫೋನಿನ ಬೆಳಕು ಹಿಡಿದೆ. ಬ್ಯಾಟರಿಯ ಪಕ್ಕದ ಮೂಲೆಯಲ್ಲಿ ಒಂದು ಬಾಳೆಲೆಯ ತುಂಡು, ಒಣಗಿ ಸುರುಟಿಕೊಂಡಿತ್ತು. ಅದರ ಮೇಲೆ ಏನೂ ಇರಲಿಲ್ಲ. ಇಲಿಯ ಹಿಕ್ಕೆ ಮಾತ್ರ ಇತ್ತು. ಪಕ್ಕದಲ್ಲಿ ವಯರುಗಳ ಕಪ್ಪು ಸಿಪ್ಪೆ ಪುಡಿಪುಡಿಯಾಗಿ ಬಿದ್ದಿತ್ತು. ಒಳಗಿನ ತಾಮ್ರ ಹೊಳೆಯುತ್ತಿತ್ತು. ಪಂಚಕಜ್ಜಾಯ ಮುಗಿದ ಮೇಲೆ ಇಲಿಗಳು ಊಟ ಮುಂದುವರಿಸಿದ್ದವು.

ಅಪ್ಪ ಆ ಎಲೆಯ ತುಂಡನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದನ್ನು ಇಲ್ಲಿ ಇಟ್ಟದ್ದು ಯಾರು?" ಎಂದು ಕೇಳಿದಳು ಅಮ್ಮ. ಯಾರೆಂದು ಅವಳಿಗೆ ಗೊತ್ತಿತ್ತು.

"ನಾನೇ. ಒಲೆಗೆ ಕೊಟ್ಟ ಹಾಗೆ" ಎಂದರು ಅಪ್ಪ.

ಅಮ್ಮ ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಸೌಟನ್ನು ಸೊಂಟಕ್ಕೆ ಆನಿಸಿ ನಿಂತು ಕಾರನ್ನೇ ನೋಡಿದಳು. "ಗಣಪತಿಯ ವಾಹನ ಬಂದು ನಿಮ್ಮ ವಾಹನ ತಿಂದುಕೊಂಡು ಹೋಯ್ತು. ಪೂಜೆ ಸಂದಾಯ ಆಯ್ತು ಅಂತ ಲೆಕ್ಕ" ಎಂದಳು. ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ. ನಿಜವಾಗಿ ಅಮ್ಮನಿಗೂ ಬಂದಿರಲಿಲ್ಲ, ಮಾತು ಮಾತ್ರ ಹಾಗೆ ಬಂದಿತ್ತು. ಅವಳ ಕಣ್ಣು ಗೇಟಿನ ಆಚೆಗೆ, ಖಾಲಿ ರಸ್ತೆಗೆ ಹೋಗಿತ್ತು.

ಅಲ್ಲಿಂದ ಎಲ್ಲವೂ ಅವಸರ. ಅಮ್ಮ ಮೇಲೆ ಹೋಗಿ ಒಲೆ ಆರಿಸಿ, ಒಗ್ಗರಣೆ ಕೊಟ್ಟು, ಪಾತ್ರೆಗಳಿಗೆ ಮುಚ್ಚಳ ಹಾಕಿ ಕಟ್ಟಿದಳು, ನಾನು ಒಂದೊಂದಾಗಿ ಕೆಳಗೆ ಇಳಿಸಿದೆ. ಫೋನಿನಲ್ಲಿ ಕರೆದ ಆಟೋದವನು ಬಂದ. ಸಾಲಾಗಿ ಇಟ್ಟ ಪಾತ್ರೆಗಳನ್ನು ನೋಡಿ, ಸೀಟಿಗೆ ಎಣ್ಣೆ ಆಗುತ್ತದೆ ಎಂದು ತಿರುಗಿಸಿಕೊಂಡು ಹೋದ. ಎರಡನೆಯವನು ರಸ್ತೆಯ ತಿರುವಿನವರೆಗೆ ಬಂದು ಅಲ್ಲಿಂದಲೇ ಬೇಡವೆಂದ. ಸಾಮಾನು ಸಾಗಿಸುವ ದೊಡ್ಡ ಗಾಡಿಗಳು ಭಾನುವಾರ ಬೆಳಿಗ್ಗೆ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ.

ಆಗ ಗೇಟಿನಲ್ಲಿ ಕುಡಿಯುವ ನೀರಿನ ಕ್ಯಾನು ತರುವ ಮೂರು ಚಕ್ರದ ಲೋಡ್ ಗಾಡಿ ಬಂದು ನಿಂತಿತು. ಇಡೀ ಕಟ್ಟಡಕ್ಕೆ ನೀರು ಹಾಕುವವನು ಅವನೇ. ಇಳಿದವನೇ ಮೂಗು ಅರಳಿಸಿದ.

"ಎನ್ನ ಮಾಮಿ, ಊರೇ ಮಣಕ್ಕುದು!"

"ಪೋರೂರು ವರೈಕ್ಕುಂ ಮಣಕ್ಕಣುಂ ಪಾ. ವಂಡಿ ತಾನ್ ಇಲ್ಲೆ" ಎಂದಳು ಅಮ್ಮ. ಘಮಘಮ ಪೋರೂರಿನವರೆಗೆ ಹೋಗಬೇಕು, ಗಾಡಿಯೇ ಇಲ್ಲ ಎಂದು. ಅವಳ ತಮಿಳಿನಿಂದ ಕುಂದಾಪುರ ಇನ್ನೂ ಇಳಿದಿಲ್ಲ.

ಅವನು ಪಾತ್ರೆಗಳನ್ನೂ, ಬಾಯಿ ತೆರೆದ ಕಾರನ್ನೂ, ಅಪ್ಪನ ಮುಖವನ್ನೂ ಒಂದಾದ ಮೇಲೊಂದು ನೋಡಿದ. "ಇನ್ನುಂ ನಾಲು ವೀಡು ಇರುಕ್ಕೇ" ಎಂದು ತಲೆ ಕೆರೆದುಕೊಂಡ. ಇದೇ ಕಟ್ಟಡದಲ್ಲಿ ನಾಲ್ಕು ಮನೆಗೆ ಕ್ಯಾನು ಹಾಕುವುದಿತ್ತು. ಅದಾದರೆ ಗಾಡಿ ಖಾಲಿ, ಬರಲು ಅಡ್ಡಿಯಿಲ್ಲ.

ಎರಡು ಕ್ಯಾನು ನಾನು ಹಾಕುತ್ತೇನೆ ಎಂದೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಒಂದನ್ನು ಎರಡನೆಯ ಮಹಡಿಗೆ ಹೇಗೋ ಮುಟ್ಟಿಸಿದೆ. ಇನ್ನೊಂದನ್ನು ಮೂರನೆಯ ಮಹಡಿಗೆ ಮೆಟ್ಟಿಲು ಮೆಟ್ಟಿಲಿಗೂ ಇಳಿಸಿ ಎತ್ತಿ ಒಯ್ದೆ. ಬಾಗಿಲು ತೆರೆದ ಮಾಮಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎನ್ನಡಿ, ಐಟಿ ವೇಲೈಯೆ ವಿಟ್ಟುಟ್ಟಿಯಾ?" ಎಂದರು. ಐಟಿ ಕೆಲಸ ಬಿಟ್ಟೆಯಾ ಎಂದು ಕೇಳಿದ್ದಕ್ಕೆ, ಭಾನುವಾರ ಮಾತ್ರ ಇದು ಎಂದು ಏದುಸಿರಿನಲ್ಲೇ ಹೇಳಿ ಇಳಿದೆ.

ಕೆಳಗೆ ಅಪ್ಪ ಗಾಡಿಯ ಹಿಂದೆ ಪಾತ್ರೆ ಜೋಡಿಸುತ್ತಿದ್ದರು. ಪಾತ್ರೆಗೆ ಕೈ ಹಾಕುವಂತಿಲ್ಲ ಎಂಬ ಮಾತು ನೆನಪಾಗಿ ಅಮ್ಮನ ಕಡೆ ನೋಡಿದರು. "ಹೊರಗಿನಿಂದ ಮುಟ್ಟಬಹುದು" ಎಂದಳು ಅಮ್ಮ. ಅಪ್ಪ ಒಂದು ಬಾಳೆಲೆ ಕೇಳಿ ಪಡೆದು, ಹರಿದು, ಸಾರು ಮತ್ತು ಹುಳಿಯ ಮೇಲೆ ತೇಲಿಸಲು ಅವಳ ಕೈಗೇ ಕೊಟ್ಟರು. ಎಲೆ ಮೇಲಿದ್ದರೆ ಗಾಡಿ ಕುಲುಕಿದಾಗ ತುಳುಕುವುದಿಲ್ಲ. ಹೋಟೆಲಿನಿಂದ ಮದುವೆ ಮನೆಗಳಿಗೆ ಕಳಿಸುವಾಗ ಹೀಗೇ ಮಾಡುತ್ತಿದ್ದರಂತೆ. ಅಮ್ಮ ತೇಲಿಸಿ ಮತ್ತೆ ಮುಚ್ಚಿದಳು.

ಅಮ್ಮ ಮುಂದೆ ಗಾಡಿಯವನ ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಅಪ್ಪನೂ ನಾನೂ ಹಿಂದೆ, ಬರಿಯ ತಗಡಿನ ಮೇಲೆ. ಅಪ್ಪ ಕಾಲು ಚಾಚಿ ಎರಡು ಪಾದಗಳ ನಡುವೆ ಸಾರಿನ ಪಾತ್ರೆ ಇಟ್ಟುಕೊಂಡು, ಹುಳಿಯ ಪಾತ್ರೆಯನ್ನು ತೋಳಿನಿಂದ ಬಳಸಿ ಹಿಡಿದರು. ಪಾಯಸ ನನ್ನ ಪಾಲಿಗೆ ಬಂತು. ಕೋಯಂಬೇಡು ದಾಟಿ ಆರ್ಕಾಟ್ ರಸ್ತೆ ಸೇರಿದೆವು. ಅಲ್ಲಿ ಮೆಟ್ರೋ ಕೆಲಸದ ತಗಡಿನ ಗೋಡೆಗಳ ನಡುವೆ ರಸ್ತೆ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಲ್ಲಿ ಗಾಡಿ ನುಗ್ಗಿತು. ಪ್ರತಿ ಗುಂಡಿಗೂ ಅಪ್ಪ ಹುಳಿಯ ಪಾತ್ರೆಯನ್ನು ಮಗುವನ್ನು ಎತ್ತುವ ಹಾಗೆ ಒಂದಿಷ್ಟು ಮೇಲೆತ್ತುತ್ತಿದ್ದರು. ಬೈಕಿನಲ್ಲಿ ಹಿಂದೆ ಬರುತ್ತಿದ್ದ ಇಬ್ಬರು ನಮ್ಮನ್ನು ನೋಡುತ್ತಲೇ ಬಂದರು.

"ನೋಡು, ಎಂಜಿನ್ನಿನ ಒಳಗೆ ಬೆಂಕಿ ಉಂಟಲ್ಲ?" ಎಂದರು ಅಪ್ಪ ಇದ್ದಕ್ಕಿದ್ದಂತೆ.

"ಉಂಟು ಅಪ್ಪ."

"ಹಾಗಾದ್ರೆ ಅದು ಒಲೆಯೇ ಅಲ್ದಾ?"

"ಆದ್ರೆ ಬೆಂಕಿ ಒಳಗೆಲ್ಲೋ ಉಂಟು. ನೀವು ಇಟ್ಟದ್ದು ಹೊರಗೆ."

ಅಪ್ಪ ಅದನ್ನು ಸ್ವಲ್ಪ ದೂರ ಯೋಚಿಸಿದರು. "ಬಾಯಿ ಎಲ್ಲಿ ಅಂತ ಯಾರಿಗೆ ಗೊತ್ತು, ಇದರದ್ದು" ಎಂದರು. ಆಮೇಲೆ ದನಿ ತಗ್ಗಿಸಿ, ಮುಂದೆ ಕೂತವಳಿಗೆ ಕೇಳಬಾರದೆಂದು, "ಇವತ್ತು ಏನಾದ್ರೂ ಹೆಚ್ಚುಕಡಿಮೆ ಆದ್ರೆ ಅವಳು ಇನ್ನು ಮಾಡುದಿಲ್ಲ ಮಗಾ. ಹೇಳಿದ ಮೇಲೆ ಹೇಳಿದ ಹಾಗೇ ಅವಳು. ನನಗೆ ಕೊಟ್ಟದ್ದು ಒಂದೇ ಕೆಲಸ" ಎಂದರು.

ಈ ಕಾರನ್ನು ಮಂಗಳವಾರ ಮೆಕ್ಯಾನಿಕ್ ಬಂದು ಸರಿಮಾಡಿದ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಸಮಯದಲ್ಲಿ ಹೀಗೆ ಬರುವ ಕಾರುಗಳು ಬಹಳವಂತೆ. ಇಲಿ ಬಾರದ ಹಾಗೆ ಹೊಗೆಸೊಪ್ಪು ಇಡಿ, ಪ್ರಸಾದ ಇಡಬೇಡಿ ಎಂದು ಹೇಳಿ ಹೋದ. ಅಪ್ಪ ಈಗ ಬಾನೆಟ್ಟಿನ ಮೇಲೆ ಇಡುತ್ತಾರೆ, ಕೈಮುಗಿದು, ತಿರುಗಿ ಮನೆಗೆ ತರುತ್ತಾರೆ.

ಪೋರೂರಿನ ಮನೆ ತಲುಪಿದಾಗ ಹೊತ್ತು ಮೀರಿರಲಿಲ್ಲ, ಆದರೆ ಮೀರುವ ಅಂಚಿನಲ್ಲಿತ್ತು. ಒಳಗೆ ತೊಟ್ಟಿಲು ಕಟ್ಟಿದ್ದರು, ಪುರೋಹಿತರು ಮಂತ್ರ ಹೇಳುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ನೈವೇದ್ಯ, ಅದಾದ ಕೂಡಲೇ ಎಲೆ ಹಾಕುವುದು. ನಾವು ಹಿಂಬದಿಯಿಂದ ಅಡಿಗೆಮನೆಗೆ ಪಾತ್ರೆ ಸಾಗಿಸಿದೆವು. ಒಂದು ಹನಿಯೂ ಚೆಲ್ಲಿರಲಿಲ್ಲ. ಅಮ್ಮ ಹುಳಿಯನ್ನು ಬಿಸಿಮಾಡಲು ಒಲೆಗೇರಿಸಿ, ಬಾಳೆಲೆ ತೆಗೆದು, ಸೌಟು ಹಾಕಿ ಒಂದು ಸಲ ತಿರುಗಿಸಿದಳು. ಹಾಗೇ ನಿಂತುಬಿಟ್ಟಳು.

"ನಾನು ಉಪ್ಪು ಹಾಕಿದ್ದೇನಾ?"

ನನ್ನನ್ನೇ ಕೇಳಿದಳು. ಅವಳ ಕ್ರಮ ನನಗೆ ಗೊತ್ತು. ತರಕಾರಿ ಬೇಯುವಾಗ ಅರ್ಧ ಉಪ್ಪು, ಮಸಾಲೆ ಬಿದ್ದು ಕುದಿಬಂದ ಮೇಲೆ ಉಳಿದ ಅರ್ಧ. ಮಸಾಲೆ ಬಿದ್ದು ಕುದಿಯುವ ಹೊತ್ತಿಗೇ ನಾನು ಕೆಳಗಿನಿಂದ ಕೂಗಿದ್ದೆ. ಅವಳು ಸೌಟಿನೊಂದಿಗೆ ಇಳಿದಿದ್ದಳು. ಮೇಲೆ ಹೋದವಳು ಉಪ್ಪು ಹಾಕಿದಳೋ, ನೇರವಾಗಿ ಒಗ್ಗರಣೆಗೆ ಹೋದಳೋ, ನಾನು ನೋಡಿರಲಿಲ್ಲ.

ಬೇರೆ ಯಾವ ದಿನವಾದರೂ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದ್ದರೆ ಮುಗಿಯುತ್ತಿತ್ತು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ನಮ್ಮಲ್ಲಿ ಯಾರೂ ನೋಡುವುದಿಲ್ಲ, ಅಮ್ಮ ಖಂಡಿತ ನೋಡುವವಳಲ್ಲ. ಪರರ ಮನೆ, ಒಳಗೆ ಮಗು, ದೇವರ ಮುಂದೆ ದೀಪ. ಉಪ್ಪು ಹಾಕಿರದಿದ್ದರೆ ನಲವತ್ತು ಎಲೆಗೂ ಸಪ್ಪೆ. ಹಾಕಿ ಮತ್ತೆ ಹಾಕಿದರೆ ನಲವತ್ತು ಎಲೆಗೂ ವಿಷ.

ಅಪ್ಪ ಅಡಿಗೆಮನೆಯ ಬಾಗಿಲಿನ ಹೊರಗೆ ನಿಂತಿದ್ದರು. ಹೊಸಿಲು ದಾಟಿರಲಿಲ್ಲ. ಅವರ ಹೋಟೆಲಿನಲ್ಲೂ ಇದೇ ಕ್ರಮ. ಬೆಳಗಿನ ಅಡಿಗೆ ದೇವರಿಗೆ ತೋರಿಸುವವರೆಗೆ ನಾಲಿಗೆಗೆ ತಾಗಿಸುವುದಿಲ್ಲ. ಅಷ್ಟು ವರ್ಷ ಅಪ್ಪ ಉಪ್ಪು, ಹುಳಿ, ಖಾರಗಳನ್ನು ಹಬೆಯಲ್ಲೇ ಗುರುತಿಸಿದವರು. ಅಮ್ಮನಿಗೂ ಅದು ಗೊತ್ತು. ಅವಳು ಅವರ ಕಡೆ ನೋಡಿದಳು. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೈ ಹಾಕುದಿಲ್ಲ ಅಂದಿದ್ದೇನೆ" ಎಂದರು.

"ಕೈ ಬೇಡ. ಮೂಗು ಕೊಡಿ."

ಅಪ್ಪ ಒಳಗೆ ಬಂದರು. ಕೈ ಬೆನ್ನ ಹಿಂದೆಯೇ ಇತ್ತು. ಅಮ್ಮ ಸೌಟಿನಲ್ಲಿ ಹುಳಿ ಎತ್ತಿ ಎತ್ತರದಿಂದ ಪಾತ್ರೆಗೆ ಸುರಿದಳು. ಹಬೆ ಎದ್ದಿತು. ಅಪ್ಪ ಬಗ್ಗಿ ಕಣ್ಣು ಮುಚ್ಚಿದರು. ಇನ್ನೊಂದು ಸಲ ಎಂಬಂತೆ ಗಲ್ಲ ಅಲ್ಲಾಡಿಸಿದರು. ಅಮ್ಮ ಇನ್ನೊಂದು ಸಲ ಸುರಿದಳು. ಒಳಗೆ ಪುರೋಹಿತರ ಗಂಟೆ ಕೇಳಿಸತೊಡಗಿತು.

"ಮೊದಲಿಂದು ಬಿದ್ದಿದೆ. ಮೇಲಿಂದು ಬಿದ್ದಿಲ್ಲ" ಎಂದರು ಅಪ್ಪ.

"ಖಂಡಿತವಾ?"

"ಕುಂಬಳಕಾಯಿ ಸಿಹಿ ಮುಂದೆ ಬಂದು ನಿಂತಿದೆ ಕಾಣು. ಉಪ್ಪು ಪೂರ್ತಿ ಬಿದ್ರೆ ಅದು ಹಿಂದೆ ಹೋಗ್ತದೆ." ಆಮೇಲೆ ತಡೆಯಲಾರದೆ, "ಈ ಪಾತ್ರೆಗೆ ಒಂದು..." ಎಂದು ಶುರುಮಾಡಿದರು.

ಅಮ್ಮ ಅಂಗೈ ಎತ್ತಿದಳು. "ಅಳತೆ ನನ್ನದು."

ಅಪ್ಪ ಬಾಯಿ ಮುಚ್ಚಿ ಹೊಸಿಲಿನ ಆಚೆ ಹೋಗಿ ನಿಂತರು. ಅಮ್ಮ ಆ ಮನೆಯ ಉಪ್ಪಿನ ಡಬ್ಬ ತೆರೆದಳು. ನಮ್ಮಲ್ಲಿರುವಂಥ ಕಲ್ಲುಪ್ಪಲ್ಲ, ಪುಡಿ ಉಪ್ಪು. ಒಂದು ಹಿಡಿ ತೆಗೆದು, ಕೈಯಲ್ಲೇ ತೂಗಿ ನೋಡಿ, ಬೆರಳ ಸಂದಿನಿಂದ ಸ್ವಲ್ಪ ಡಬ್ಬಕ್ಕೇ ಉದುರಿಸಿ, ಉಳಿದದ್ದನ್ನು ಹುಳಿಗೆ ಹಾಕಿ ಕುದಿಸಿದಳು. ನೈವೇದ್ಯಕ್ಕೆ ಒಂದು ಬಟ್ಟಲಿನಲ್ಲಿ ತೆಗೆದಿಟ್ಟಳು. ನಾನು ತೆಗೆದುಕೊಂಡು ಹೋಗಿ ಕೊಟ್ಟೆ.

ಮಂಗಳಾರತಿಯಾಗಿ ಎಲೆ ಹಾಕಿದರು. ಬಡಿಸಲು ಆ ಮನೆಯವರು ಇಬ್ಬರು ಮಾತ್ರ ಇದ್ದರು. ಅಪ್ಪ ಪಂಚೆ ಎತ್ತಿ ಕಟ್ಟಿ ಹುಳಿಯ ಬಕೆಟ್ಟು ಹಿಡಿದರು. ಬಡಿಸಬೇಡಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಮೊಣಕಾಲಿನ ನೋವಿಗೆ ಪ್ರತಿ ಎಲೆಯ ಮುಂದೆ ಬಗ್ಗುವಾಗ ಸಣ್ಣಗೆ "ಉಸ್" ಎನ್ನುತ್ತಿದ್ದರು. ನಾನು ಪಲ್ಯದ ಹಿಂದೆ, ಅವರು ಹುಳಿಯ ಹಿಂದೆ. ಅಮ್ಮ ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಳು. ಅಲ್ಲಿಂದ ಮೊದಲ ಸಾಲು ಕಾಣುತ್ತಿತ್ತು.

ಮೊದಲ ಸಾಲಿನ ತುದಿಯಲ್ಲಿ ಕೂತವರು ಮನೆಯ ಹಿರಿಯರು, ಮಗುವಿನ ಮುತ್ತಜ್ಜ. ಹಲ್ಲಿರಲಿಲ್ಲ. ಅನ್ನಕ್ಕೆ ಹುಳಿ ಕಲಸಿ ಮೆತ್ತಗೆ ಮಾಡಿ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಅಪ್ಪ ಸಾಲಿನ ಕೊನೆ ಮುಟ್ಟಿ ವಾಪಸು ಬರುವಷ್ಟರಲ್ಲಿ ಆ ಎಲೆಯ ಮೇಲೆ ಅನ್ನ ಮುಗಿದಿತ್ತು. ಅಜ್ಜ ಎಲೆಯ ಮೇಲೆ ಬೆರಳಿನಿಂದ ತಟ್ಟಿದರು. "ಇಲ್ಲಿ ಹಾಕಿ ಭಟ್ರೇ. ಅನ್ನ ಬೇಡ, ಬರೀ ಹುಳಿ. ಯಾವೂರ ಅಡಿಗೆ ನಿಮ್ಮದು?"

"ಅಡಿಗೆಯವರು ಒಳಗಿದ್ದಾರೆ. ನಾನು ಬಡಿಸ್ಲಿಕ್ಕೆ ಬಂದದ್ದು" ಎಂದರು ಅಪ್ಪ, ಬರೀ ಹುಳಿ ಹಾಕುತ್ತ.

ಅದು ಅಡಿಗೆಮನೆಗೆ ಕೇಳಿಸಿತೋ ಇಲ್ಲವೋ. ಅಮ್ಮ ಕಿಟಕಿಯಿಂದ ಹಿಂದೆ ಸರಿದು, ಪಾಯಸದ ಪಾತ್ರೆಯ ಹತ್ತಿರ ಹೋಗಿ ಸುಮ್ಮನೆ ಸೌಟು ಆಡಿಸತೊಡಗಿದಳು.

ಎರಡನೆಯ ಪಂಕ್ತಿಯೂ ಎದ್ದ ಮೇಲೆ ನಮಗೆ ಎಲೆ ಹಾಕಿದರು. ಅಮ್ಮ ಬೆಳಿಗ್ಗೆಯಿಂದ ಕಾಫಿಯ ಹೊರತು ಏನೂ ತೆಗೆದುಕೊಂಡಿರಲಿಲ್ಲ. ಅಪ್ಪ ಕೂರಲಿಲ್ಲ. ಅವಳ ಎಲೆಗೆ ತಾವೇ ಅನ್ನ ಹಾಕಿ, ಹುಳಿಯ ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು ಬಳಿದು ಹಾಕಿದರು. ಅಮ್ಮ ಕಲಸಿದಳು. ತಿಂದಳು. ಬೆಳಗಿನಿಂದ ಮಾಡಿದ ಅಡಿಗೆಯ ರುಚಿಯನ್ನು ಅವಳು ನೋಡಿದ್ದು ಆಗಲೇ. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಒಂಚೂರು ಬೆಲ್ಲ ಬೇಕಿತ್ತು" ಎಂದಳು. ಇನ್ನೊಂದು ತುತ್ತು ಕಲಸಿದಳು.

"ಬೇಕಿತ್ತು" ಎಂದರು ಅಪ್ಪ. ಅವರಿಗೆ ಅದು ಉಪ್ಪು ನೋಡುವಾಗಲೇ ಹಬೆಯಲ್ಲಿ ಗೊತ್ತಾಗಿತ್ತು ಎಂದು ಮುಖವೇ ಹೇಳುತ್ತಿತ್ತು. ಅಮ್ಮ ತಲೆ ಎತ್ತಿ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಇಬ್ಬರೂ ನಕ್ಕರು.

ಅಷ್ಟರಲ್ಲಿ ಮನೆಯ ಯಜಮಾನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅವರ ತಂಗಿಯ ಮನೆಯಲ್ಲಿ ಕಾರ್ತಿಕದಲ್ಲಿ ಒಂದು ಪೂಜೆ ಇತ್ತಂತೆ. ಊಟ ಮಾಡಿದ ತಂಗಿ ಆಗಲೇ ಕೇಳಿ ಹೋಗಿದ್ದರಂತೆ. "ನಿಮಗೆ ಆಗ್ತದಾ? ಸುಸ್ತಾಗಿದ್ರೆ ಆಮೇಲೆ ಫೋನ್ ಮಾಡ್ತೀನಿ."

ಅಪ್ಪ ಬಕೆಟ್ಟು ಹಿಡಿದು ನಿಂತಲ್ಲೇ ನಿಂತರು. ಅಮ್ಮ ಬಾಯಲ್ಲಿದ್ದುದನ್ನು ಪೂರ್ತಿ ನುಂಗಿ, ಎಡಗೈಯಿಂದ ಹಣೆಯ ಮೇಲಿನ ಕೂದಲು ಸರಿಸಿಕೊಂಡು ಕೇಳಿದಳು.

"ಎಷ್ಟು ಎಲೆ?"